ಗಿರಿ ಕುಂಕುಮದ ಕೆಂಪು

ಕಳೆದ ಮಳೆಗಾಲದಲ್ಲಿ ಸೊಲ್ಲಾಪುರಕ್ಕೆ ಹೋಗಿದ್ದ ಒಂದು ಇಳಕಲ್ ಸೀರೆ ಪುಣೆಗೆ ಮರಳಿ ಬಂತು. ನೇಯ್ಗೆಯಲ್ಲಿ ದೋಷವಿರಲಿಲ್ಲ, ಸೆರಗಿನಲ್ಲಿ ಎಳೆ ಕಿತ್ತಿರಲಿಲ್ಲ, ಅಳತೆಯಲ್ಲಿಯೂ ಕೊರತೆಯಿರಲಿಲ್ಲ. ಪೊಟ್ಟಣದೊಳಗಿದ್ದ ಚೀಟಿಯಲ್ಲಿ ಮರಾಠಿಯ ಒಂದೇ ಸಾಲು ಇತ್ತು: ಚಿತ್ರದಲ್ಲಿ ಕಂಡ ಬಣ್ಣ ಇದಲ್ಲ.

ನಮ್ಮ ವೈನಿ, ಅಂದರೆ ಅತ್ತಿಗೆ, ಪುಣೆಯ ಕೊಥ್ರೂಡಿನ ಮನೆಯಿಂದಲೇ ಇಳಕಲ್ ಸೀರೆಗಳನ್ನೂ ಗುಳೇದಗುಡ್ಡದ ಖಣಗಳನ್ನೂ ಮಾರುತ್ತಾರೆ. ಅವರ ತವರು ಬಾಗಲಕೋಟೆಯ ಕಡೆಯದು. ನೇಕಾರರ ಮನೆಗಳ ಒಡನಾಟ ಅವರಿಗೆ ಚಿಕ್ಕಂದಿನಿಂದ ಇದೆ. ಪುಣೆಯ ಮರಾಠಿ ಮನೆಗಳಲ್ಲಿ ಈ ಸೀರೆಗೆ ‘ಇರಕಲ್’ ಎಂಬ ಹೆಸರು. ಇಲ್ಲಿ ಅದನ್ನು ಉಟ್ಟ ಅಜ್ಜಿಯರಿದ್ದಾರೆ, ಈಗ ಮತ್ತೆ ಉಡಲು ಬಯಸುವ ಮೊಮ್ಮಕ್ಕಳಿದ್ದಾರೆ. ಸೀರೆಗಳ ಚಿತ್ರ ತೆಗೆಯುವುದು, ತಿದ್ದುವುದು, ವೆಬ್‌ಸೈಟಿಗೆ ಏರಿಸುವುದು ನಾಲ್ಕು ವರ್ಷಗಳಿಂದ ನನ್ನ ಪಾಲಿನ ಕೆಲಸ. ಆದ್ದರಿಂದ ಮರಳಿ ಬಂದ ಸೀರೆಯ ಹೊಣೆ ನೇರವಾಗಿ ನನ್ನದಾಗಿತ್ತು.

ವೈನಿ ಸೊಲ್ಲಾಪುರದ ಆ ಮಹಿಳೆಗೆ ಫೋನ್ ಮಾಡಿ ವಿಚಾರಿಸಿದರು. ಅವರು ವಯಸ್ಸಾದ ತಮ್ಮ ತಾಯಿಗೆಂದು ಶಾಂತವಾದ, ಗಾಢವಾದ ಕೆಂಪನ್ನು ಹುಡುಕಿ ಆರಿಸಿದ್ದರು. ಅವರ ಕೈಗೆ ಬಂದದ್ದು ಗಿರಿ ಕುಂಕುಮ. ಇಳಕಲ್ಲಿನಲ್ಲಿ ಮದುವಣಗಿತ್ತಿಯ ಸೀರೆಗೆಂದು ಸಂಪ್ರದಾಯದಿಂದ ನೇಯುವ ಬಣ್ಣ ಅದು. ದಾಳಿಂಬೆ ಕೆಂಪು ಬೇರೆ, ಗಿರಿ ಕುಂಕುಮ ಬೇರೆ. ಆ ವ್ಯತ್ಯಾಸವನ್ನು ಅರಿತವರಿಗೆ ಅವೆರಡು ಎರಡು ಬೇರೆ ಬೇರೆ ಸಂದರ್ಭಗಳು. ವೈನಿ ಸೀರೆಯನ್ನು ಮಂಚದ ಮೇಲೆ ಹರವಿ, ಫೋನನ್ನು ಅದರ ಪಕ್ಕದಲ್ಲಿಟ್ಟು, “ಇದರಾಗ ಅಡಿಕಿ ಬಣ್ಣ ಕಾಣಸ್ತದ ನೋಡವಾ, ನಮ್ಮ ಸೀರಿ ಕುಂಕುಮದ್ದು” ಎಂದರು. ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ನನ್ನ ಮೇಜಿನ ಮೇಲಿನ ಮಾನಿಟರಿನಲ್ಲಿ ಫೋಟೋಶಾಪ್ ತೆರೆದು ಅದೇ ಚಿತ್ರವನ್ನು ನೋಡಿದೆ. ಅಲ್ಲಿ ಕುಂಕುಮ ಕುಂಕುಮವಾಗಿಯೇ ಇತ್ತು. ಅವಸರದಲ್ಲಿ ನಾನು ಆಗ ಮಾಡಿದ ಕೆಲಸವನ್ನು ಇಲ್ಲಿ ದಾಖಲಿಸುವುದು ಅಗತ್ಯ, ಏಕೆಂದರೆ ಈ ದಾರಿಯಲ್ಲಿ ನಡೆಯುವವರು ಬಹುತೇಕ ಮೊದಲು ಅದನ್ನೇ ಮಾಡುತ್ತಾರೆ. ವೆಬ್ ಕೆಂಪನ್ನು ಕಪ್ಪಾಗಿಸುತ್ತದೆ ಎಂದು ಭಾವಿಸಿ, ಕೆಂಪನ್ನು ಒಂದಿಷ್ಟು ಬೆಳಗಿಸಿ ಚಿತ್ರವನ್ನು ಮತ್ತೆ ಏರಿಸಿದೆ. ಸೀರೆಗಳ ಪಟ್ಟಿಯ ಪುಟದಲ್ಲಿದ್ದ ಸಣ್ಣ ಚಿತ್ರ ಸುಧಾರಿಸಿತು. ಆದರೆ ಅದರ ಮೇಲೆ ಒತ್ತಿದಾಗ ತೆರೆಯುವ ದೊಡ್ಡ ಚಿತ್ರದಲ್ಲಿ ಕೆಂಪು ಉರಿಯತೊಡಗಿತು, ಎಳೆಗಳೇ ಕಾಣದಾದವು. ಅದೇ ಪಟ್ಟಿಯಲ್ಲಿದ್ದ ಗಿಳಿಹಸಿರಿನ ಸೀರೆಯನ್ನು ಗಮನಿಸಿದಾಗ ನನ್ನ ಊಹೆ ಪೂರ್ತಿ ಕುಸಿಯಿತು. ಅದು ಕಪ್ಪಾಗಿರಲಿಲ್ಲ, ಬದಲಿಗೆ ತಿಳಿಯಾಗಿ, ಹಳದಿಯ ಕಡೆಗೆ ವಾಲಿತ್ತು. ಕೆಂಪನ್ನು ಗಾಢವಾಗಿಸಿ ಹಸಿರನ್ನು ಬಿಳಿಚಿಸುವ ದೋಷ ಬೆಳಕಿನ ಹೆಚ್ಚುಕಡಿಮೆಯದಲ್ಲ. ಅದು ಓದಿನಲ್ಲಿ ಆಗಿರುವ ತಪ್ಪು ಎಂದು ತಿಳಿಯಲು ನನಗೆ ಒಂದು ರಾತ್ರಿ ಬೇಕಾಯಿತು.

ಚಿತ್ರದ ಕಡತದಲ್ಲಿ ಬಣ್ಣವಿರುವುದಿಲ್ಲ, ಅಂಕಿಗಳಿರುತ್ತವೆ. ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ, ಸಾಮಾನ್ಯವಾಗಿ 0ಯಿಂದ 255ರವರೆಗೆ. ಆದರೆ 255 ಎಂದರೆ ಎಷ್ಟು ಕೆಂಪು, ಯಾವ ಕೆಂಪು ಎಂಬುದನ್ನು ಅಂಕಿ ತಾನಾಗಿ ಹೇಳುವುದಿಲ್ಲ. ಅದನ್ನು ಹೇಳುವುದು ಕಡತದೊಳಗೆ ಸೇರಿಸಿರುವ ಇನ್ನೊಂದು ಸಣ್ಣ ಭಾಗ, ಕಲರ್ ಪ್ರೊಫೈಲ್. ಒಂದೇ ಕೆಂಪನ್ನು ಎರಡು ಪ್ರೊಫೈಲುಗಳು ಎರಡು ಅಂಕಿಗಳಲ್ಲಿ ಬರೆಯುತ್ತವೆ. ಅಂಥ ಎರಡು ಪ್ರೊಫೈಲುಗಳು ವೆಬ್ಬಿನಲ್ಲಿ ಬಳಕೆಯಲ್ಲಿರುವ ಎಸ್‌ಆರ್‌ಜಿಬಿ ಮತ್ತು ಅದಕ್ಕಿಂತ ಹೆಚ್ಚು ಬಣ್ಣಗಳನ್ನು ಹಿಡಿಸುವ ಅಡೋಬ್ ಆರ್‌ಜಿಬಿ. ಎಸ್‌ಆರ್‌ಜಿಬಿಯಲ್ಲಿ 255, 0, 0 ಎಂದು ಬರೆಯುವ ಶುದ್ಧ ಕೆಂಪು ಅಡೋಬ್ ಆರ್‌ಜಿಬಿಯಲ್ಲಿ 219, 0, 0 ಆಗುತ್ತದೆ. ಎರಡೂ ಒಂದೇ ಬಣ್ಣ. ಆದರೆ ಅಡೋಬ್ ಆರ್‌ಜಿಬಿಯಲ್ಲಿ ಬರೆದ 219ನ್ನು ಯಾರಾದರೂ ಎಸ್‌ಆರ್‌ಜಿಬಿ ಎಂದು ಓದಿದರೆ ಪರದೆಯಿಂದ ಹೊಮ್ಮುವ ಕೆಂಪು ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ. ಕುಂಕುಮ ಅಡಿಕೆಯಾಗಲು ಅಷ್ಟು ಸಾಕು. ಹಸಿರಿನ ಲೆಕ್ಕ ಬೇರೆ: ಎಸ್‌ಆರ್‌ಜಿಬಿಯ ಶುದ್ಧ ಹಸಿರಾದ 0, 255, 0 ಅಡೋಬ್ ಆರ್‌ಜಿಬಿಯಲ್ಲಿ 144, 255, 60 ಆಗುತ್ತದೆ. ಅದನ್ನು ತಪ್ಪಾಗಿ ಓದಿದಾಗ ಇಲ್ಲದ ಕೆಂಪು ಹಸಿರಿನೊಳಗೆ ಬೆರೆತು, ಗಿಳಿ ಬಿಳಿಚಿ ಹಳದಿಗೆ ತಿರುಗುತ್ತದೆ. ಪಟ್ಟಿಯಲ್ಲಿದ್ದ ಎರಡು ಸೀರೆಗಳಿಗೂ ಆಗಿದ್ದದ್ದು ಇದೇ.

ನಾನು ಫೋಟೋಶಾಪಿನಲ್ಲಿ ಅಡೋಬ್ ಆರ್‌ಜಿಬಿಯನ್ನು ಆರಿಸಿಕೊಂಡು ಕೆಲಸ ಮಾಡುತ್ತಿದ್ದೆ, ಚಿತ್ರವನ್ನು ಅದರಲ್ಲಿಯೇ ಉಳಿಸಿ, ಪ್ರೊಫೈಲನ್ನು ಕಡತದೊಳಗೆ ಸೇರಿಸಿ ಏರಿಸುತ್ತಿದ್ದೆ. ಹಾಗೆ ಸೇರಿಸಿದ್ದರೆ ಸಾಕು ಎಂಬ ನಂಬಿಕೆ ನನ್ನದಾಗಿತ್ತು. ದೊಡ್ಡ ಚಿತ್ರದ ಮಟ್ಟಿಗೆ ಆ ನಂಬಿಕೆ ಸುಳ್ಳಾಗಿರಲಿಲ್ಲ, ಏಕೆಂದರೆ ಇಂದಿನ ಬ್ರೌಸರುಗಳು ಪ್ರೊಫೈಲನ್ನು ಓದುತ್ತವೆ. ಆದರೆ ವೆಬ್‌ಸೈಟು ದೊಡ್ಡ ಚಿತ್ರದಿಂದ ಸಣ್ಣದನ್ನು ತಾನೇ ತಯಾರಿಸುತ್ತಿತ್ತು, ಮತ್ತು ಹಾಗೆ ಚಿಕ್ಕದು ಮಾಡುವಾಗ ಕಡತದ ಭಾರ ಇಳಿಸಲೆಂದು ಪ್ರೊಫೈಲನ್ನು ಕಿತ್ತುಹಾಕುತ್ತಿತ್ತು. ಪ್ರೊಫೈಲ್ ಇಲ್ಲದ ಚಿತ್ರವನ್ನು ಎಸ್‌ಆರ್‌ಜಿಬಿ ಎಂದು ಓದಬೇಕು ಎಂಬುದು ವೆಬ್ಬಿನ ನಿಯಮ. ಬ್ರೌಸರ್ ನಿಯಮದಂತೆ ನಡೆದುಕೊಂಡಿತ್ತು. ತಪ್ಪಿದ್ದದ್ದು ಅದಕ್ಕೂ ಮೊದಲು. ಬಹಳವಾಗಿ ಬಳಕೆಯಲ್ಲಿರುವ ಎಸ್‌ಆರ್‌ಜಿಬಿ ಪ್ರೊಫೈಲಿನ ಗಾತ್ರ 3144 ಬೈಟ್, ಅಂದರೆ ಮೂರು ಕಿಲೋಬೈಟಿಗೆ ಸ್ವಲ್ಪ ಹೆಚ್ಚು. ಇನ್ನೂರು ಕಿಲೋಬೈಟಿನ ಚಿತ್ರದಲ್ಲಿ ಅಷ್ಟನ್ನು ಉಳಿಸಲು ಹೋಗಿ ಬಣ್ಣದ ಅರ್ಥವನ್ನೇ ಕಳೆಯುವುದು ನನಗೆ ಇಂದಿಗೂ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಎಸ್‌ಆರ್‌ಜಿಬಿಗೆ ವೆಬ್ಬಿನಲ್ಲಿ ಈ ಸ್ಥಾನ ದೊರೆತದ್ದಕ್ಕೆ ಒಂದು ಚರಿತ್ರೆಯಿದೆ. ಬೇರೆ ಬೇರೆ ಸಾಧನಗಳ ನಡುವೆ ಬಣ್ಣದ ಮಾತು ಒಂದೇ ಆಗಿರಲೆಂದು ಅಡೋಬ್, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಸೇರಿದಂತೆ ಎಂಟು ಕಂಪನಿಗಳು 1993ರಲ್ಲಿ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಟಿಯಂ ಎಂಬ ಒಕ್ಕೂಟವನ್ನು ಕಟ್ಟಿದವು. ನಾವು ಇಂದು ಐಸಿಸಿ ಪ್ರೊಫೈಲ್ ಎನ್ನುವುದು ಅಲ್ಲಿಂದ ಬಂದದ್ದು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಎಸ್‌ಆರ್‌ಜಿಬಿಯನ್ನು ಮುಂದಿಟ್ಟವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಆ ಕಾಲದ ದಪ್ಪ ಗಾಜಿನ ಮಾನಿಟರು ತೋರಿಸಬಲ್ಲ ಬಣ್ಣಗಳೇ ಅದರ ಎಲ್ಲೆ. ಅದು ಚಿಕ್ಕ ಬಣ್ಣಲೋಕ ಎಂದು ಛಾಯಾಗ್ರಾಹಕರು ದೂರುವುದುಂಟು. ಚಿಕ್ಕದೇ ನಿಜ. ಆದರೆ ಎಲ್ಲರಿಗೂ ಅರ್ಥವಾಗುವ ಭಾಷೆ ಎಂಬ ಗುಣ ಅದಕ್ಕಿದೆ, ಮಾರಾಟದ ಚಿತ್ರಕ್ಕೆ ಬೇರೆಲ್ಲ ಗುಣಗಳಿಗಿಂತ ಅದು ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಫೋಟೋಶಾಪಿನ ಪಟ್ಟಿಯಲ್ಲಿ ಒಂದರ ಕೆಳಗೊಂದರಂತೆ ಎರಡು ಆದೇಶಗಳಿವೆ: ಅಸೈನ್ ಪ್ರೊಫೈಲ್ ಮತ್ತು ಕನ್ವರ್ಟ್ ಟು ಪ್ರೊಫೈಲ್. ಇವೆರಡರ ನಡುವಿನ ಅಂತರ ನನಗೆ ಮನದಟ್ಟಾದದ್ದು ಸೀರೆಯ ಲೆಕ್ಕದಿಂದಲೇ. ಮಹಾರಾಷ್ಟ್ರದಲ್ಲಿ ಕಚ್ಚೆ ಹಾಕಿ ಉಡುವ ಸೀರೆ ಒಂಬತ್ತು ವಾರದ್ದು, ಅಂದರೆ ಒಂಬತ್ತು ಗಜದ್ದು. ಅದರ ಮೇಲೆ ಬರೀ ‘9’ ಎಂಬ ಚೀಟಿ ಇದೆ ಎಂದುಕೊಳ್ಳಿ. ಯಾರೋ ಬಂದು ಆ ಅಂಕಿಯ ಮುಂದೆ ‘ಮೀಟರ್’ ಎಂದು ಬರೆದರೆ ಚೀಟಿ ಹೇಳುವ ಸೀರೆ ಉದ್ದವಾಯಿತು, ಬಟ್ಟೆ ಮಾತ್ರ ಇದ್ದಷ್ಟೇ ಇದೆ. ಅಸೈನ್ ಮಾಡುವುದೆಂದರೆ ಅದು: ಅಂಕಿಯನ್ನು ಹಾಗೆಯೇ ಬಿಟ್ಟು ಅರ್ಥವನ್ನು ಬದಲಿಸುವುದು. ಒಂಬತ್ತು ವಾರವನ್ನು ಅಳೆದು 8.23 ಮೀಟರ್ ಎಂದು ಬರೆದರೆ ಅಂಕಿ ಬದಲಾಯಿತು, ಸೀರೆ ಅದೇ ಉಳಿಯಿತು. ಕನ್ವರ್ಟ್ ಮಾಡುವುದೆಂದರೆ ಇದು. ವೆಬ್ಬಿಗೆ ಕಳಿಸುವ ಮುನ್ನ ನಾನು ಮಾಡಬೇಕಾಗಿದ್ದದ್ದು ಎರಡನೆಯದು. ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಆ ಪ್ರೊಫೈಲನ್ನು ಸೇರಿಸಿಯೇ ಕಳಿಸಿದರೆ, ನಡುವೆ ಯಾರು ಪ್ರೊಫೈಲನ್ನು ಕಿತ್ತರೂ ಬ್ರೌಸರ್ ಮಾಡುವ ಊಹೆ ಸರಿಯಾದ ಊಹೆಯೇ ಆಗುತ್ತದೆ. ಫೋಟೋಶಾಪಿನ ಎಕ್ಸ್‌ಪೋರ್ಟ್ ಆ್ಯಸ್ ಪುಟದಲ್ಲಿ ಪರಿವರ್ತಿಸುವುದಕ್ಕೂ ಪ್ರೊಫೈಲ್ ಸೇರಿಸುವುದಕ್ಕೂ ಬೇರೆ ಬೇರೆ ಗುರುತಿನ ಚೌಕಗಳಿವೆ. ಎರಡನ್ನೂ ಗುರುತು ಮಾಡಬೇಕು. ಚಿತ್ರ ತಿದ್ದುವ ಇನ್ನೊಂದು ತಂತ್ರಾಂಶವಾದ ಲೈಟ್‌ರೂಮಿನಲ್ಲಿ ಚಿತ್ರವನ್ನು ಹೊರಕ್ಕೆ ತೆಗೆಯುವಾಗ ಕಲರ್ ಸ್ಪೇಸ್ ಎಂಬಲ್ಲಿ ಎಸ್‌ಆರ್‌ಜಿಬಿಯನ್ನು ಆರಿಸಬೇಕು. ಇಷ್ಟು ಮಾಡಿ, ಹಳೆಯ ಚಿತ್ರಗಳನ್ನೆಲ್ಲ ಮತ್ತೆ ಏರಿಸಿದಾಗ ಕುಂಕುಮ ಪಟ್ಟಿಯಲ್ಲಿಯೂ ಕುಂಕುಮವಾಯಿತು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಚಿತ್ರವನ್ನು ಕೊನೆಯವರೆಗೆ ವಿಶಾಲವಾದ ಬಣ್ಣಲೋಕದಲ್ಲಿ ತಿದ್ದಿ, ಕೊನೆಯಲ್ಲಿ ಒಮ್ಮೆಗೇ ಎಸ್‌ಆರ್‌ಜಿಬಿಗೆ ಇಳಿಸಿದರೆ, ಆ ಚಿಕ್ಕ ಲೋಕದಲ್ಲಿ ಹಿಡಿಸದ ಬಣ್ಣಗಳು ಅದರ ಅಂಚಿಗೆ ಬಂದು ಗುಂಪಾಗುತ್ತವೆ. ಪರಿವರ್ತನೆಯ ಪುಟದಲ್ಲಿ ಪರ್ಸೆಪ್ಚುವಲ್ ಎಂಬ ಆಯ್ಕೆಯಿದೆ. ಎಲ್ಲ ಬಣ್ಣಗಳನ್ನೂ ಮೆಲ್ಲಗೆ ಒಳಸರಿಸುವ ಭರವಸೆ ಅದರ ಹೆಸರಿನಲ್ಲಿದೆ. ಆದರೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಪ್ರೊಫೈಲಿನಲ್ಲಿ ಹಾಗೆ ಒಳಸರಿಸಲು ಬೇಕಾದ ಕೋಷ್ಟಕವೇ ಇಲ್ಲ, ಆದ್ದರಿಂದ ಯಾವುದನ್ನು ಆರಿಸಿದರೂ ಹೊರಗಿನ ಬಣ್ಣ ಅಂಚಿನಲ್ಲಿ ಕತ್ತರಿಸಲ್ಪಡುತ್ತದೆ. ಗಿರಿ ಕುಂಕುಮದ ಸೀರೆಯಲ್ಲಿ ಇದರ ಪರಿಣಾಮ ಬೇಗ ಕಾಣುತ್ತದೆ. ಮಡಿಕೆಯ ಮೇಲ್ಭಾಗದಲ್ಲಿ ಕೆಂಪಿನ ಅಂಕಿ 255ಕ್ಕೆ ಮುಟ್ಟಿ ನಿಂತುಬಿಡುತ್ತದೆ, ಹಸಿರಿನದು ಸೊನ್ನೆಗೆ ಇಳಿಯುತ್ತದೆ, ಎಳೆಗೂ ಎಳೆಗೂ ನಡುವಿನ ವ್ಯತ್ಯಾಸ ಅಳಿಸಿಹೋಗಿ ಬಟ್ಟೆ ಬಣ್ಣ ಬಳಿದ ಗೋಡೆಯಂತಾಗುತ್ತದೆ. ನೇಕಾರನ ಕೈಕೆಲಸವನ್ನು ತೋರಿಸಲೆಂದೇ ತೆಗೆದ ಚಿತ್ರದಲ್ಲಿ ಆ ಕೆಲಸವೇ ಕಾಣೆಯಾಗುವುದು ನನಗೆ ಬಣ್ಣ ತಪ್ಪುವುದಕ್ಕಿಂತ ಹೆಚ್ಚು ನೋವಿನ ಸಂಗತಿ. ಆದ್ದರಿಂದ ಈಗ ತಿದ್ದುವಾಗಲೇ, ಪರಿವರ್ತಿಸಿದ ಮೇಲೆ ಚಿತ್ರ ಹೇಗೆ ಕಾಣುತ್ತದೆಂದು ಮುಂಚೆಯೇ ತೋರಿಸುವ ಪ್ರೂಫ್ ನೋಟವನ್ನು ಎಸ್‌ಆರ್‌ಜಿಬಿಗೆ ಇಟ್ಟುಕೊಂಡು, ಮೂರು ಬಣ್ಣಗಳ ಹಿಸ್ಟೋಗ್ರಾಮುಗಳನ್ನು, ಅಂದರೆ ಯಾವ ಅಂಕಿಯ ಪಿಕ್ಸೆಲ್ಲುಗಳು ಎಷ್ಟಿವೆ ಎಂದು ತೋರಿಸುವ ನಕ್ಷೆಗಳನ್ನು, ಬೇರೆಬೇರೆಯಾಗಿ ನೋಡುತ್ತೇನೆ. ಕೆಂಪಿನ ತೀಕ್ಷ್ಣತೆಯನ್ನು ನಾನೇ ಸ್ವಲ್ಪ ತಗ್ಗಿಸಿ ಎಳೆಗಳನ್ನು ಉಳಿಸಿಕೊಳ್ಳುತ್ತೇನೆ. ತಂತ್ರಾಂಶ ಕುರುಡಾಗಿ ಕತ್ತರಿಸುವುದಕ್ಕಿಂತ, ಸೀರೆಯನ್ನು ಕಣ್ಣಾರೆ ಕಂಡವರು ಅರಿತು ತಗ್ಗಿಸುವುದು ಮೇಲು.

ನವಿಲಿನ ಬಣ್ಣದ ಸೀರೆ ಇದಕ್ಕಿಂತ ಕಷ್ಟದ್ದು. ಹಸಿರು ಮತ್ತು ನೀಲಿಯ ನಡುವಿನ ಆ ದಟ್ಟ ಬಣ್ಣಗಳೇ ಎಸ್‌ಆರ್‌ಜಿಬಿಯ ಬಡತನ ಅತಿ ಹೆಚ್ಚು ಕಾಣುವ ಜಾಗ. ಅಡೋಬ್ ಆರ್‌ಜಿಬಿ ಅದಕ್ಕಿಂತ ದೊಡ್ಡದಾಗಿರುವುದು ಮುಖ್ಯವಾಗಿ ಅಲ್ಲಿಯೇ. ಅದರ ಜೊತೆಗೆ, ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಆಗಿರುವ ನೇಯ್ಗೆಯಲ್ಲಿ ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಅಂಥ ಬಟ್ಟೆಗೆ ಒಂದೇ ‘ಸರಿಯಾದ’ ಬಣ್ಣ ಎಂಬುದಿಲ್ಲ. ಒಂದು ಚಿತ್ರದಲ್ಲಿ ಅದನ್ನು ಹಿಡಿದಿಟ್ಟೆ ಎಂದು ಹೇಳಿಕೊಳ್ಳುವುದು ಸತ್ಯವಲ್ಲವಾದ್ದರಿಂದ, ಮೂರು ಕೋನಗಳಿಂದ ತೆಗೆದ ಮೂರು ಚಿತ್ರಗಳನ್ನು ಹಾಕುತ್ತೇನೆ.

ಇಷ್ಟೆಲ್ಲ ಹೇಳುವಾಗ ನನ್ನ ಮಾನಿಟರು ನಿಜ ಹೇಳುತ್ತಿದೆ ಎಂದು ನಾನು ಒಪ್ಪಿಕೊಂಡಂತಾಯಿತು. ಅದು ನಿಜ ಹೇಳುತ್ತಿರಲಿಲ್ಲ. ಪರದೆಗೆ ಆನಿಸಿ ಬಣ್ಣ ಅಳೆಯುವ ಸಣ್ಣ ಸಾಧನವೊಂದನ್ನು ಪರಿಚಿತರೊಬ್ಬರಿಂದ ತಂದು ಅಳೆದಾಗ ಅದರ ಬೆಳಕು ಬೇಕಾದುದಕ್ಕಿಂತ ಬಹಳ ಹೆಚ್ಚಿರುವುದೂ ಬಿಳಿ ನೀಲಿಯ ಕಡೆಗೆ ವಾಲಿರುವುದೂ ತಿಳಿಯಿತು. ತೀರಾ ಬೆಳಗುವ ಪರದೆಯ ಮುಂದೆ ಕುಳಿತು ತಿದ್ದುವವರು ತಮಗೆ ಅರಿವಿಲ್ಲದೆಯೇ ಚಿತ್ರವನ್ನು ಕಪ್ಪಾಗಿಸುತ್ತಾರೆ. ಈಗ ಬಿಳಿಯನ್ನು ಹಗಲಿನ ಬೆಳಕಿನ ಮಾನಕವಾದ ಡಿ65ಕ್ಕೆ, ಅಂದರೆ ಸುಮಾರು 6500 ಕೆಲ್ವಿನ್ನಿಗೆ, ಅಂಕಿ ಏರಿದಂತೆ ಬೆಳಕು ಏರುವ ಬಗೆಯನ್ನು ಹೇಳುವ ಗಾಮಾವನ್ನು 2.2ಕ್ಕೆ, ಬೆಳಕನ್ನು ಚದರ ಮೀಟರಿಗೆ 100 ಕ್ಯಾಂಡೆಲಾಕ್ಕೆ ಹೊಂದಿಸಿಟ್ಟಿದ್ದೇನೆ. ಮೊದಲ ವಾರ ಪರದೆ ಮಂಕಾಗಿ ಕಂಡಿತು. ಆಮೇಲೆ ಕಣ್ಣು ಒಗ್ಗಿತು. ಹೀಗೆ ಅಳೆದು ಮಾಡಿದ ಪ್ರೊಫೈಲ್ ನನ್ನ ಮಾನಿಟರಿಗೆ ಮಾತ್ರ ಸೇರಿದ್ದು. ಅದನ್ನು ಚಿತ್ರದೊಳಗೆ ಸೇರಿಸಿ ಕಳಿಸುವವರನ್ನೂ ನಾನು ನೋಡಿದ್ದೇನೆ. ಅದು ನನ್ನ ಕನ್ನಡಕವನ್ನು ಓದುಗರಿಗೆ ಹಾಕಿದಂತೆ.

ಇನ್ನು ಬೆಳಕು. ಪುಣೆಯ ಲಕ್ಷ್ಮೀ ರಸ್ತೆಯ ಅಂಗಡಿಗಳಲ್ಲಿ ಹಿರಿಯ ಹೆಂಗಸರು ಸೀರೆಯನ್ನು ಬಾಗಿಲಿನ ಹೊರಗೆ ಹಗಲಿಗೆ ಹಿಡಿದು ನೋಡದೆ ಕೊಳ್ಳುವುದಿಲ್ಲ. ಆ ರೂಢಿಯ ಹಿಂದೆ ಗಟ್ಟಿಯಾದ ಕಾರಣವಿದೆ. ಎಲ್‌ಇಡಿ ದೀಪದ ಬಿಳಿ ಬೆಳಕು ನೀಲಿ ಬೆಳಕಿನ ಚಿಪ್ ಮೇಲೆ ಹಚ್ಚಿದ ಫಾಸ್ಫರ್ ಎಂಬ ಹೊಳೆಯುವ ಲೇಪದಿಂದ ಹುಟ್ಟುತ್ತದೆ, ಅಗ್ಗದ ದೀಪಗಳಲ್ಲಿ ಗಾಢ ಕೆಂಪಿನ ಭಾಗ ಕಡಿಮೆಯಿರುತ್ತದೆ. ದೀಪದ ಡಬ್ಬಿಯ ಮೇಲೆ, ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆಯಾಗಿ, ಸಿಆರ್‌ಐ 80 ಎಂದೋ 90 ಎಂದೋ ಬರೆದಿರುವುದುಂಟು. ಆ ಅಂಕಿಯನ್ನು ಲೆಕ್ಕ ಹಾಕುವುದು ಎಂಟು ತಿಳಿಯಾದ ಬಣ್ಣಗಳ ಸರಾಸರಿಯಿಂದ. ದಟ್ಟ ಕೆಂಪಿಗಿರುವ ಆರ್9 ಎಂಬ ಅಳತೆ ಅದರಲ್ಲಿ ಸೇರುವುದೇ ಇಲ್ಲ. ಕುಂಕುಮದ ಸೀರೆ ತೆಗೆಯುವವರಿಗೆ ಬೇಕಾದದ್ದು ಆ ಒಂಬತ್ತನೆಯದೇ. ಬೆಳಕಿನಲ್ಲಿ ಇಲ್ಲದ ಕೆಂಪನ್ನು ಕ್ಯಾಮೆರಾ ಹಿಡಿಯಲಾರದು, ಆಮೇಲೆ ತಿದ್ದಿ ತರುವ ಕೆಂಪು ನನ್ನ ಊಹೆಯ ಕೆಂಪು. ಆದ್ದರಿಂದ ಮಳೆಗಾಲದ ಮೋಡದ ಹಗಲಿನಲ್ಲಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ಒಳಗೆ, ಕಿಟಕಿಯ ಪಕ್ಕದಲ್ಲಿ ತೆಗೆಯುತ್ತೇನೆ. ಪ್ರತಿ ಸೀರೆಯ ಮೊದಲ ಚಿತ್ರದಲ್ಲಿ ಬೂದು ಕಾರ್ಡನ್ನು ಇಟ್ಟು, ಬಿಳಿಯ ಸಮತೋಲವನ್ನು ಅದರಿಂದ ಹೊಂದಿಸುತ್ತೇನೆ. ಎದುರಿನ ಕಟ್ಟಡಕ್ಕೆ ಕಾವಿ ಬಣ್ಣ ಬಳಿದ ವರ್ಷ ಅದರ ಗೋಡೆಯಿಂದ ಮರಳಿದ ಬೆಳಕು ಬಿಳಿ ಖಣಗಳಿಗೆಲ್ಲ ಕೆಂಪು ಛಾಯೆ ತಂದಿತ್ತು. ಬೂದು ಕಾರ್ಡು ಇಲ್ಲದಿದ್ದರೆ ಅದು ನನ್ನ ಗಮನಕ್ಕೇ ಬರುತ್ತಿರಲಿಲ್ಲ. ಚಿತ್ರವನ್ನು ರಾ ಕಡತವಾಗಿಯೇ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ಮಾಹಿತಿಯಾಗಿಯೇ, ತೆಗೆಯುತ್ತೇನೆ. ಕ್ಯಾಮೆರಾದ ಪಟ್ಟಿಯಲ್ಲಿ ಎಸ್‌ಆರ್‌ಜಿಬಿಯೋ ಅಡೋಬ್ ಆರ್‌ಜಿಬಿಯೋ ಎಂದು ಕೇಳುವ ಆಯ್ಕೆ ಜೆಪೆಗ್ ಚಿತ್ರಕ್ಕೆ ಮಾತ್ರ ಅನ್ವಯಿಸುತ್ತದೆ, ರಾ ಕಡತದಲ್ಲಿ ಆ ತೀರ್ಮಾನ ಇನ್ನೂ ಆಗಿರುವುದಿಲ್ಲ.

ವೈನಿ ಅವಸರಕ್ಕೆ ತಮ್ಮ ಐಫೋನಿನಿಂದ ತೆಗೆದು ಕಳಿಸುವ ಚಿತ್ರಗಳದ್ದು ಬೇರೆ ಸಮಸ್ಯೆ. 2016ರ ಐಫೋನ್ 7ರಿಂದ ಈಚಿನ ಐಫೋನುಗಳು ಡಿಸ್‌ಪ್ಲೇ ಪಿ3 ಎಂಬ, ಎಸ್‌ಆರ್‌ಜಿಬಿಗಿಂತ ದೊಡ್ಡದಾದ ಬಣ್ಣಲೋಕವನ್ನು ಬಳಸುತ್ತವೆ. ಅಂಥ ಚಿತ್ರದ ಪ್ರೊಫೈಲ್ ದಾರಿಯಲ್ಲಿ ಕಳಚಿದರೆ ಬಣ್ಣಗಳೆಲ್ಲ ಮಾಸುತ್ತವೆ. ಅವನ್ನೂ ಈಗ ಮೊದಲು ನನ್ನ ಬಳಿಗೆ ಕಳಿಸುತ್ತಾರೆ, ಪರಿವರ್ತಿಸಿದ ಮೇಲೆಯೇ ಏರಿಸುತ್ತೇವೆ. ಮತ್ತೊಂದು ಸಣ್ಣ ಸಂಗತಿ: ಪುಟದ ಹಿನ್ನೆಲೆಗೆ ಸೀರೆಯ ದಡಿಯದೇ ಬಣ್ಣ ಇರಲಿ ಎಂದು ಚಿತ್ರದಿಂದ ಅಂಕಿಯನ್ನು ಎತ್ತಿ ಪುಟದ ವಿನ್ಯಾಸದಲ್ಲಿ ಬರೆದಿದ್ದೆ. ಎರಡೂ ಕೂಡುವಲ್ಲಿ ಗೆರೆಯೊಂದು ಕಾಣುತ್ತಿತ್ತು. ಪುಟದ ವಿನ್ಯಾಸದಲ್ಲಿ ಬರೆಯುವ ಸಾಮಾನ್ಯ ಬಣ್ಣದ ಅಂಕಿಗಳು ಎಸ್‌ಆರ್‌ಜಿಬಿಯವು, ನಾನು ಎತ್ತಿದ್ದು ಅಡೋಬ್ ಆರ್‌ಜಿಬಿಯ ಅಂಕಿ. ಚಿತ್ರವನ್ನು ಪರಿವರ್ತಿಸಿ ಅಂಕಿಯನ್ನು ಮತ್ತೆ ಎತ್ತಿದ ಮೇಲೆ ಗೆರೆ ಮಾಯವಾಯಿತು.

ಕೊನೆಗೆ ಉಳಿಯುವುದು ಕೊಳ್ಳುವವರ ಕೈಯಲ್ಲಿರುವ ಫೋನು. ಅದರ ಪರದೆ ‘ವಿವಿಡ್’ ಎಂಬ ಸ್ಥಿತಿಯಲ್ಲಿರಬಹುದು, ರಾತ್ರಿಯ ಹಳದಿ ಬೆಳಕಿಗೆ ಬದಲಾಗಿರಬಹುದು, ಬಿಸಿಲಿನಲ್ಲಿ ನಿಂತು ನೋಡುತ್ತಿರಬಹುದು. ಅಲ್ಲಿಗೆ ನನ್ನ ಕೈ ತಲುಪುವುದಿಲ್ಲ. ಹಾಗೆಂದು ಹೇಗೂ ಎಲ್ಲರಿಗೂ ಬೇರೆ ಬೇರೆಯಾಗಿ ಕಾಣುತ್ತದೆಯಲ್ಲ ಎಂದು ಕೈಚೆಲ್ಲುವ ವಾದವನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯಿಂದ ಸರಿಯಾದ ಅಂಕಿ, ಸರಿಯಾದ ಅರ್ಥದೊಂದಿಗೆ ಹೊರಟಿದ್ದರೆ ಫೋನಿನಿಂದ ಫೋನಿಗೆ ಆಗುವ ವ್ಯತ್ಯಾಸ ಒಂದು ಮಿತಿಯೊಳಗಿರುತ್ತದೆ, ಮತ್ತು ಆ ಫೋನಿನಲ್ಲಿ ಬೇರೆ ಚಿತ್ರಗಳನ್ನು ನೋಡಿ ಪಳಗಿದ ಕಣ್ಣು ಅದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ತಪ್ಪಾಗಿ ಹೊರಟ ಅಂಕಿಯನ್ನು ಯಾವ ಕಣ್ಣೂ ಸರಿದೂಗಿಸಲಾರದು.

ವೈನಿ ಈಗ ಪ್ರತಿ ಸೀರೆಯ ಚಿತ್ರದ ಕೆಳಗೆ ಬಣ್ಣದ ಹೆಸರನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯುತ್ತಾರೆ, ಅದರ ಜೊತೆಗೆ ಹೋಲಿಕೆಯ ಒಂದು ಮಾತು: ಹಣೆಗಿಡುವ ಕುಂಕುಮದಷ್ಟು ಕೆಂಪು, ಬಿರಿದ ದಾಳಿಂಬೆಯ ಕಾಳಿನಷ್ಟು ಕೆಂಪು. ಹೊಸ ಚಿತ್ರ ಏರಿಸಿದ ದಿನ ಸೀರೆಯನ್ನೂ ಫೋನನ್ನೂ ಕಿಟಕಿಯ ಬಳಿಗೆ ಒಯ್ದು ಇಬ್ಬರೂ ಹೋಲಿಸಿ ನೋಡುತ್ತೇವೆ. ಗಿರಿ ಕುಂಕುಮವನ್ನು ನೋಡಿ ಅವರು ತಲೆಯಾಡಿಸಿದರು. ನವಿಲು ಬಣ್ಣದ್ದನ್ನು ಬಹಳ ಹೊತ್ತು ನೋಡಿದರು, ಫೋನನ್ನು ಆ ಕಡೆ ಈ ಕಡೆ ಓರೆ ಮಾಡಿದರು, ಆಮೇಲೆ, “ಇಷ್ಟ ಆಗೂದಿದ್ರ ಇಷ್ಟ ಇರಲಿ, ಆದ್ರ ಬರದು ಹಾಕವಾ” ಎಂದರು. ಆ ಸೀರೆಯ ಕೆಳಗೆ ಈಗ ಒಂದು ಸಾಲು ಹೆಚ್ಚಾಗಿ ಇದೆ: ಕೈಗೆ ಬರುವ ಸೀರೆಯ ಹಸಿರು ಈ ಚಿತ್ರದಲ್ಲಿ ಕಾಣುವುದಕ್ಕಿಂತ ದಟ್ಟವಾಗಿರುತ್ತದೆ.